ಮನೆಯಿಂದ ಒಯ್ದ ಮೂರು ಸಾಮಾನು

ಜುಲೈ ೫, ೧೯೯೮. ಭಾನುವಾರ

ಇವತ್ತು ಆಷಾಢ ಶುದ್ಧ ಏಕಾದಶಿ. ನಿರ್ಜಲ ಉಪವಾಸ. ನಾಲ್ಕೂವರೆಗೆ ಎದ್ದೆ. ಹುಡುಗಿಯನ್ನು ಎಬ್ಬಿಸಿ ಮುಖ ತೊಳೆಸಿ ಹಾಲು ಕುಡಿಸಿ ಚಾಪೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದೆ. ನಲ್ಲಿ ಐದಕ್ಕೆ ಬಂತು, ಐದೂ ಮುಕ್ಕಾಲಿಗೆ ನಿಂತಿತು. ಎರಡು ಕೊಡ ಮಡಿನೀರು ಸಿಕ್ಕಿತು. ತಣ್ಣೀರು ಸ್ನಾನ ಮಾಡಿ ಮಡಿಸೀರೆ ಉಟ್ಟೆ. ದೇವರ ಸಾಮಾನು ತಿಕ್ಕಿದೆ, ರಂಗೋಲಿ ಹಾಕಿದೆ, ಹೂಬತ್ತಿ ಹೊಸೆದೆ. ಅಡುಗೆ ಇಲ್ಲ. ನಾಳೆಯಿಂದ ಒಂದು ತಿಂಗಳು ಶಾಕವ್ರತ, ಮನೆಗೆ ತರಕಾರಿ ಬರುವಂತಿಲ್ಲ.

ಇವರು ಪೂಜೆ ಮುಗಿಸಿ ಮಠಕ್ಕೆ ಹೋಗಿ ತೋಳಿಗೆ ತಪ್ತಮುದ್ರೆ ಹಾಕಿಸಿಕೊಂಡು ಬಂದರು. ನಾನು ಹೋಗಲಿಲ್ಲ. ಏಕಾದಶಿಯ ದಿನ ಹುಡುಗಿಯನ್ನು ಯಾರ ಹತ್ತಿರ ಬಿಡಲಿ?

ಮಧ್ಯಾಹ್ನ ಭಾವನವರು ಬಂದರು. ಜೀಡಿಮೆಟ್ಲಾದ ಔಷಧದ ಕಾರ್ಖಾನೆಯಲ್ಲಿ ಮ್ಯಾನೇಜರು. ಅವರು ನನ್ನೊಡನೆ ನೇರ ಮಾತಾಡುವುದಿಲ್ಲ, ನಾನೂ ಅವರೆದುರು ಬರುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವರ ಮಾಲೀಕರು ನೆರವು ಕೊಡುವ ಒಂದು ಆಶ್ರಮ ಇದೆಯಂತೆ. ನಮ್ಮ ಹುಡುಗಿಯ ಹಾಗೆ ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳನ್ನು ಕಡೆಯವರೆಗೆ ಇಟ್ಟುಕೊಳ್ಳುತ್ತಾರೆ. ರೈಲಿನಲ್ಲಿ ಐದು ತಾಸು. ವರ್ಷಕ್ಕೆ ಮೂರು ಸಲ ಹೋಗಿ ನೋಡಬಹುದು.

"ನರಹರಿ, ಒಂದ ಸೀಟು ಅದ. ತಿಂಗಳ ಕೊನೀ ತನಕಾ ತಡೀತಾರ, ಮುಂದ ತಡಿಯೂದಿಲ್ಲ. ಸೆಂಟರಿನವರೂ ಕೈ ಬಿಟ್ಟಾರ. ನಾಳೆ ಹುಡುಗಿ ದೊಡ್ಡಾಕಿ ಆದ್ಲಂದ್ರ ಇಕಿ ಮಡೀ ಮಾಡ್ತಾಳೋ ಅದರ ಸೇವಾ ಮಾಡ್ತಾಳೋ? ಕೇಳು."

ಇವರು ಬಾಗಿಲ ಕಡೆ ತಿರುಗಿ, "ಏನಂತೀ?" ಅಂದರು.

"ನೀವು ಹೆಂಗಂತೀರಿ ಹಂಗ" ಅಂದೆ.

ಫಾರ್ಮು ಇಟ್ಟು ಹೋದರು. ಹೆಸರು: ಸುಹಾಸಿನಿ. ವಯಸ್ಸು: ಹದಿಮೂರು. ಭಾವನವರೇ ತುಂಬಿದ್ದಾರೆ. ಕೆಳಗೆ ತಾಯಿಯ ಸಹಿ ಎಂಬ ಕಡೆ ಮಾತ್ರ ಖಾಲಿ.

ಸೆಂಟರ್ ಅಂದರೆ ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಒಂದು ಟ್ರಸ್ಟಿನವರು ನಡೆಸುವುದು. ಹುಡುಗಿ ಐದು ವರ್ಷದಿಂದ ಹೋಗುತ್ತಿದ್ದಳು. ಕಾಲಿಗೆ ಕಸರತ್ತು ಮಾಡಿಸುತ್ತಾರೆ, ಮೂರು ಗಂಟೆ ನೋಡಿಕೊಳ್ಳುತ್ತಾರೆ. ಹದಿಮೂರು ತುಂಬಿದವರಿಗೆ ಕೈಯ ಪರೀಕ್ಷೆ. ಕೈ ಚಾಚಿ ಸಾಮಾನು ಹಿಡಿದರೆ ಕಲಿಕೆಯ ವರ್ಗಕ್ಕೆ, ಇಲ್ಲವಾದರೆ ಮನೆಗೆ. ಜೂನಿನಲ್ಲಿ ಪರೀಕ್ಷೆ ಆಯಿತು. ಮಗು ಮನೆಯಲ್ಲಿ ದಿನಾ ನೋಡುವ ಮೂರು ಸಾಮಾನು ತನ್ನಿ ಎಂದಿದ್ದರು. ಹುಡುಗಿ ಬೆಳಗಿನಿಂದ ಪೂಜೆಯನ್ನೇ ನೋಡುತ್ತಾ ಕೂತಿರುತ್ತಾಳೆ. ತವರಿನಿಂದ ತಂದ ಹಳೆಯ ಗಂಟೆ, ತೀರ್ಥ ಕೊಡುವ ಒಂದು ಉದ್ಧರಣೆ, ತಟ್ಟೆಯಲ್ಲಿ ಬಾಳೆಹಣ್ಣು ಒಯ್ದೆ. ದೇವರ ದಯೆ ಇರಲಿ ಎಂದು. ಒಂದನ್ನೂ ಹಿಡಿಯಲಿಲ್ಲವಂತೆ. ನಮ್ಮನ್ನು ಒಳಗೆ ಬಿಡುವುದಿಲ್ಲ, ಹೊರಗೆ ಕೂತಿದ್ದೆ. ಕೈ ಚಾಚುವುದಿಲ್ಲ, ಕಲಿಕೆ ಸಾಧ್ಯವಿಲ್ಲ ಎಂದು ಬರೆದುಕೊಟ್ಟರು.

ಏನೂ ಅನಿಸಲಿಲ್ಲ. ಮನೆಗೆ ಬಂದು ಬಟ್ಟೆ ಒಗೆದೆ.

ಜುಲೈ ೬

ಬೇಗ ಪಾರಣೆ. ಹೆಸರುಬೇಳೆ ತೊವ್ವೆ, ಅನ್ನ. ಹುಡುಗಿಗೂ ಅದೇ.

ಜುಲೈ ೧೧, ಎರಡನೇ ಶನಿವಾರ

ಸೆಂಟರಿನ ಪಾಲಕರ ಬಳಗದ ಸಭೆಗೆ ಹೋಗಿದ್ದೆ. ಐದು ವರ್ಷದಲ್ಲಿ ಎರಡನೇ ಸಲ. ಹೆಸರು ತೆಗೆದುಹಾಕಿದ ಒಂಬತ್ತು ಮಕ್ಕಳ ಮನೆಯವರು ಬರಲೇಬೇಕು ಎಂದು ಕಲ್ಯಾಣಪ್ಪನವರು ಹೇಳಿಕಳಿಸಿದ್ದರು. ಅವರು ಅಂಚೆ ಕಚೇರಿಯಿಂದ ನಿವೃತ್ತಿ ಆದವರು, ಮೊಮ್ಮಗ ಸೆಂಟರಿಗೆ ಬರುತ್ತಾನೆ. ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದ್ದು, ವ್ಯಾನಿನಲ್ಲಿ ಒಬ್ಬ ಆಯಾ ಇರುವಂತೆ ಮಾಡಿದ್ದು ಈ ಬಳಗವೇ. ನನಗೆ ಗೊತ್ತಿರಲಿಲ್ಲ. ಟ್ರಸ್ಟಿನವರು ಮಾಡಿದ್ದು ಅಂದುಕೊಂಡಿದ್ದೆ.

ವರಾಂಡದಲ್ಲಿ ಜಮಖಾನೆ ಹಾಕಿದ್ದರು. ಕಲ್ಯಾಣಪ್ಪನವರು ಹೇಳಿದರು: "ಅವರು ನೋಡಿದ್ದು ಕಾಲು ತಾಸು. ನಾವು ನೋಡಾಕತ್ತಿದ್ದು ಹದಿಮೂರು ವರ್ಷ. ಆದ್ರ ತಾಯಿ ಮಾತು ಅಂದ್ರ ಮುದ್ದಿನ ಮಾತು ಅಂತ ಬಾಜೂಕ ಇಡ್ತಾರ. ಅದಕ್ಕ ಒಬ್ಬರ ಕೂಸನ್ನ ಇನ್ನೊಬ್ಬರು ಹೋಗಿ ಅರ್ಧಾ ದಿನ ನೋಡಬೇಕು. ಕಂಡಿದ್ದು ಬರೀಬೇಕು. ಹೊಗಳಬಾರದು, ಅಳಬಾರದು."

"ಬರಿಯಾಕ ಬರದವರು ಏನ ಮಾಡೂದ್ರಿ ಕಾಕಾ?" ಅಂದಳು ಅಂಬವ್ವ. ಬೇಗಂ ಬಜಾರಿನಲ್ಲಿ ಗಂಡನ ಕಿರಾಣಿ ಅಂಗಡಿ. ಮಗನ ಹೆಸರೂ ಪಟ್ಟಿಯಿಂದ ಹೋಗಿದೆ.

"ನೀ ಹೇಳವಾ, ನಾ ಬರೀತೀನಿ. ಎರಡ ನೋಟಬುಕ್ ಮಾತ್ರ ನಿನ್ನ ಅಂಗಡೀಲಿಂದನ ತರಬೇಕು."

ಎಲ್ಲರೂ ನಕ್ಕರು. ಇಂಥ ಮಕ್ಕಳ ತಾಯಂದಿರು ಇಷ್ಟು ನಗುವುದು ನನಗೆ ಸರಿ ಕಾಣಲಿಲ್ಲ.

ನನಗೆ ಅಂಬವ್ವನ ಮನೆ ಬಂತು, ಅಂಬವ್ವನಿಗೆ ನಮ್ಮ ಮನೆ. ಬೆಳಿಗ್ಗೆ ಮಡಿ ಇರುತ್ತದೆ, ಮಧ್ಯಾಹ್ನ ಬಾ ಅಂದೆ. ಪರೀಕ್ಷೆ ಬೆಳಿಗ್ಗೆ ಆಗಿದ್ದು, ಬೆಳಿಗ್ಗೆಯೇ ನೋಡಬೇಕು ಎಂದರು ಕಲ್ಯಾಣಪ್ಪನವರು. ಹ್ಞೂಂ ಅಂದೆ. ಬೇಡ ಅನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಜುಲೈ ೧೪

ಅಂಬವ್ವನ ಮನೆ. ಹುಡುಗಿಯನ್ನು ಪಕ್ಕದ ಮನೆಯವರು ನೋಡಿಕೊಂಡರು. ಅಂಗಡಿಯ ಮೇಲೆ ಎರಡು ಕೋಣೆ, ಮೆಟ್ಟಿಲ ತುಂಬ ಮೆಣಸಿನಕಾಯಿ ಘಾಟು. ಹುಡುಗ ಅಮರೇಶಪ್ಪ. ಬಲಗೈ ಎದೆಗೆ ಮಡಚಿಕೊಂಡೇ ಇದೆ. ಅವನ ಅಜ್ಜಿ ಶರಣಬಸಮ್ಮ ಉಣಿಸುತ್ತಿದ್ದರು. ಅವನು ಎಡಗೈ ರೊಟ್ಟಿಗೆ ಚಾಚಿದ. ಅಜ್ಜಿ ಆ ಕೈಗೆ ಮೆಲ್ಲಗೆ ತಟ್ಟಿ, "ಎಡಗೈಲೆ ಉಣತಾರೇನೋ ಕೂಸ?" ಅಂದರು. ಕೈ ತೆಗೆದುಕೊಂಡ. ಬಾಯಿ ತೆರೆದ. ಹೀಗೆ ಮೂರು ಸಲ ಆಯಿತು. ಕಂಡಷ್ಟು ಬರೆದುಕೊಂಡೆ.

ಅಂಬವ್ವ ಚಹಾ ತಂದಳು. ವ್ರತ ಅಂದೆ. ನೀರಾದರೂ ಅಂದಳು. ಹೊರಗೆ ನೀರೂ ತೆಗೆದುಕೊಳ್ಳುವುದಿಲ್ಲ ಅಂದೆ.

"ಹಂಗಾರ ನಮ್ಮ ಬಜಾರದ ಗಾಳಿ ತಗೋರ್ರಿ. ಅದಕ್ಕ ಯಾರೂ ಮೈಲಿಗಿ ಹಚ್ಚಿಲ್ಲ ಇನ್ನಾ."

ಜುಲೈ ೧೫

ಅಂಬವ್ವ ಆರಕ್ಕೇ ಬಂದಳು. ಹಣೆಯ ತುಂಬ ವಿಭೂತಿ. ಪಡಸಾಲೆಯಲ್ಲಿ ಚಾಪೆಯಿಂದ ದೂರ ಸ್ಟೂಲ್ ಹಾಕಿದೆ.

"ನಾನೂ ಜಳಕಾ ಮಾಡಿ ಲಿಂಗಪೂಜಿ ಮುಗಿಸಿ ಬಂದೀನ್ರಿ ಬಾಯಿ. ಇಷ್ಟ ದೂರ ಕುಂದರಿಸಿದ್ರ ನಿಮ್ಮ ದೇವರು ನನ್ನ ಮಾರಿ ಮರೀತಾನ."

"ಕೂಡು ಸುಮ್ನ" ಅಂದೆ. ಒಳಗೆ ಇವರ ಪೂಜೆ ನಡೆದಿತ್ತು. ನಾನು ಮಡಿಯಲ್ಲಿ ಅಡುಗೆಮನೆಗೂ ದೇವರ ಮುಂದಕ್ಕೂ ಓಡಾಡುತ್ತಿದ್ದೆ. ಒಂಬತ್ತಕ್ಕೆ ನೈವೇದ್ಯ ಆಯಿತು, ಇವರು ಉಂಡು ಆಫೀಸಿಗೆ ಹೋದರು. ನಾನು ಮಡಿ ಬಿಟ್ಟು ನಿತ್ಯದ ಸೀರೆ ಉಟ್ಟು ಬಂದೆ. ಅಷ್ಟು ಹೊತ್ತೂ ಅಂಬವ್ವ ಒಂದು ಮಾತೂ ಆಡಲಿಲ್ಲ. ಅವಳಿಗೆ ಮೈ ಸರಿ ಇಲ್ಲವೋ ಏನೋ ಅಂದುಕೊಂಡೆ.

"ಒಂದ ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ" ಅಂದಳು. "ನೀವು ಮಡೀ ಸೀರ್‍ಯಾಗ ಬಂದಾಗೆಲ್ಲಾ ಈಕಿ ಎರಡೂ ಕೈ ತೊಡಿ ಕೆಳಗ ಇಟ್ಕೋತಾಳ. ಹೋದಾಗ ತಗೀತಾಳ. ಹದಿನಾಲ್ಕು ಸಲ ಎಣಿಸೀನಿ. ಗಂಟಿ ಬಾರಿಸಿದಾಗ ಇನ್ನೂ ಒಳಗ ಒತ್ತಿ ಇಟ್ಕೊಂಡ್ಲು. ಈಗ ನೋಡ್ರಿ."

ನೋಡಿದೆ. ಹುಡುಗಿ ನನ್ನ ಸೀರೆಯ ಸೆರಗು ಹಿಡಿದಿದ್ದಳು. ಮಡಿ ಬಿಟ್ಟ ಮೇಲೆ ದಿನಾ ಹಿಡಿಯುತ್ತಾಳೆ. ನಾನು ದಿನಾ ಬಿಡಿಸಿಕೊಂಡು ಹೋಗುತ್ತೇನೆ.

"ಮುಟ್ಟಬಾರದು ಅಂತ ನಾನ ಕಲಿಸೇನಿ" ಅಂದೆ.

"ಪರೀಕ್ಷಾಕ್ಕ ಏನ ಒಯ್ದಿದ್ರಿ?"

ಹೇಳಿದೆ. ಅವಳು ಸ್ಟೂಲಿನಿಂದ ಎದ್ದು ಚಾಪೆಯ ಹತ್ತಿರ ಬಂದು ಕೂತಳು. ಆಮೇಲೆ, "ಈಕಿ ನಿಮ್ಮ ಮಾತು ಕೇಳಿ ನಪಾಸಾಗ್ಯಾಳ್ರಿ ಬಾಯಿ" ಅಂದಳು.

ಹೋಗುವಾಗ ಬಾಗಿಲಲ್ಲಿ ನಿಂತು, ನೀರಾದರೂ ಕೊಡಿ, ನಾವು ಎಲ್ಲಿ ಬೇಕಾದರೂ ಕುಡಿಯುತ್ತೇವೆ ಅಂದಳು. ಕೊಟ್ಟೆ.

ಜುಲೈ ೧೬

ಬರೆಯುವುದು ಏನೂ ಇಲ್ಲ. ಅಡುಗೆಗೆ ಉಪ್ಪು ಹಾಕಿರಲಿಲ್ಲವೆಂದು ನಾನು ಉಣ್ಣುವಾಗ ಗೊತ್ತಾಯಿತು. ಇವರು ಉಂಡು ಎದ್ದುಹೋಗಿದ್ದರು, ಹೇಳಿರಲಿಲ್ಲ.

ಜುಲೈ ೧೮

ಮಧ್ಯಾಹ್ನ, ನಿತ್ಯದ ಸೀರೆಯಲ್ಲಿ, ಆ ಹಳೆಯ ಗಂಟೆಯನ್ನು ಹುಡುಗಿಯ ಮುಂದೆ ಇಟ್ಟೆ. ಕೈ ತೊಡೆಯ ಕೆಳಗೆ ಹೋಯಿತು. ಉದ್ಧರಣೆ ಇಟ್ಟೆ, ಹಾಗೇ. ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟೆ, ಹಾಗೇ. ಅದೇ ಹಣ್ಣನ್ನು ತಟ್ಟೆಯಿಂದ ತೆಗೆದು ಚಾಪೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ನೋಡಿದಳು. ಒಂದು ಕೈ ಹೊರಗೆ ಬಂತು. ಕೈ ಅಲುಗುತ್ತದೆ, ನೆಟ್ಟಗೆ ಹೋಗುವುದಿಲ್ಲ, ಹಣ್ಣಿನ ಆಚೆಗೆ ಹೋಗಿ ತಿರುಗಿ ಬಂದು ಹಿಡಿಯಿತು. ಹಿಸುಕಿ ಹೋಯಿತು. ನೆಲ ಒರೆಸಿದೆ.

ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಪೂಜೆಯ ನಡುವೆ ನನ್ನ ಸೀರೆ ಹಿಡಿದಳು. ಇವರು ಕೂಗಾಡಿದರು, ನಾನು ಮತ್ತೆ ಸ್ನಾನ ಮಾಡಿದೆ, ಆಫೀಸಿಗೆ ತಡವಾಯಿತು. ಆವತ್ತಿನಿಂದ ಅವಳ ಕೈಗಳನ್ನು ಎತ್ತಿ ಎತ್ತಿ ತೊಡೆಯ ಕೆಳಗೆ ಇಟ್ಟು ಕಲಿಸಿದೆ. ಎರಡು ವರ್ಷ ಹಿಡಿಯಿತು. ಕಲಿತಳು.

ಮಡಿ ತಪ್ಪಲ್ಲ. ನಮ್ಮ ಅತ್ತೆಯವರು ಮಾಡಿದರು, ಅವರ ಅತ್ತೆಯವರು ಮಾಡಿದರು. ಆದರೆ ಚೀಲದಲ್ಲಿ ಗಂಟೆ ಹಾಕಿಕೊಂಡು ಹೋದವಳು ನಾನು.

ಇವರಿಗೆ ಹೇಳಿದೆ. "ಇದನ್ನ ಯಾರ ಮುಂದೂ ಹೇಳ್ಲಿಕ್ಕೆ ಹೋಗಬ್ಯಾಡ" ಅಂದರು. "ಮಡೀ ಸಲುವಾಗಿ ಮಗಳನ್ನ ಕೈ ಕಟ್ಟಿ ಕೂಡಿಸಿದ್ರು ಅಂತ ನಾಂಪಲ್ಲಿ ತುಂಬ ಆಡಿಕೋತಾರ."

ಜುಲೈ ೨೦

ಹುಡುಗಿಯನ್ನು ಮತ್ತೆ ಪಕ್ಕದ ಮನೆಯಲ್ಲಿ ಬಿಟ್ಟು ಸೆಂಟರಿಗೆ ಒಬ್ಬಳೇ ಹೋದೆ. ಪರೀಕ್ಷೆ ಮಾಡಿದ ಮೇಡಂ ಒಳ್ಳೆಯವರೇ. ಕುರ್ಚಿ ಕೊಟ್ಟರು. ನನ್ನ ತೆಲುಗು ಅರ್ಧ, ಹಿಂದಿ ಅರ್ಧ. ಗಂಟೆಯ ವಿಷಯ ಹೇಳಲು ಹೋದೆ, ಅವರಿಗೆ ನಾನು ಹರಕೆಯ ವಿಷಯ ಹೇಳುತ್ತಿದ್ದೇನೆ ಅನಿಸಿತು. ಎಲ್ಲ ತಾಯಂದಿರೂ ಮಗು ಮನೆಯಲ್ಲಿ ಮಾಡುತ್ತದೆ ಅನ್ನುತ್ತಾರಮ್ಮ, ನಾವು ಇಲ್ಲಿ ಮಾಡಿದ್ದನ್ನಷ್ಟೇ ಬರೆಯಬೇಕು ಅಂದರು. ಪರೀಕ್ಷೆ ವರ್ಷಕ್ಕೆ ಒಮ್ಮೆ, ಮುಂದಿನ ಜೂನಿಗೆ ಬನ್ನಿ. ಅಲ್ಲಿಯ ತನಕ ಜಾಗ ಇರುತ್ತದೆಯೇ ಅಂದೆ. ಅದು ನನ್ನ ಕೈಯಲ್ಲಿಲ್ಲ ಅಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟೆ. ನಡೆದುಕೊಂಡು ಬಂದೆ.

ಜುಲೈ ೨೫, ಶನಿವಾರ

ಕಲ್ಯಾಣಪ್ಪನವರ ಮನೆಯಲ್ಲಿ ಸಭೆ. ಸುಹಾಸಿನಿಯನ್ನು ಕರೆದುಕೊಂಡು ಹೋಗಿದ್ದೆ. ಆಟೋದವನು ಎತ್ತಿ ಕೂಡಿಸಿದ.

ಒಬ್ಬೊಬ್ಬರೇ ಓದಿದರು. ನನ್ನ ಸರದಿ ಬಂತು. ಅಜ್ಜಿ ಕೈಗೆ ತಟ್ಟಿದ್ದು, ಅಮರೇಶಪ್ಪ ಕೈ ತೆಗೆದುಕೊಂಡದ್ದು, ಮೂರು ಸಲ, ಬರೆದಂತೆ ಓದಿದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂಬವ್ವ ತಲೆ ಎತ್ತಿದಳು.

"ಅವನಿಗೆ ಬಲಗೈ ಏಳಂಗಿಲ್ಲಲ್ರಿ" ಅಂದಳು. "ಮೇಡಂ ರೊಟ್ಟಿ ಚೂರು ಇಟ್ಟಿದ್ರು. ಅವಾ ಎಡಗೈ ಎತ್ತಲೇ ಇಲ್ಲ, ನಾವ ಬಿಡಿಸೀವಿ."

ಅಂಬವ್ವ ಸುಮ್ಮನಾಗಿದ್ದನ್ನು ಎರಡನೇ ಸಲ ನೋಡಿದೆ. ಆಮೇಲೆ ಅವಳೇ, "ನಿಮ್ಮ ಮನ್ಯಾಗ ನಾ ದೊಡ್ಡ ಪೋಲೀಸನಂಗ ಎಣಿಸಿಕೋತ ಕುಂತಿದ್ದೆ, ನಮ್ಮ ಮನೀ ಕಳ್ಳನ್ನ ನೀವು ಹಿಡದ್ರಿ" ಅಂದಳು.

ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಒಲೆಯ ಹೊಗೆ ಇತ್ತು.

ಆಮೇಲೆ ಗಂಟೆಯ ವಿಷಯ ನಾನೇ ಹೇಳಿದೆ. ಎಲ್ಲರ ಮುಂದೆ. ಎರಡು ವರ್ಷ ಕೈ ಎತ್ತಿ ಇಟ್ಟು ಕಲಿಸಿದ್ದು, ಕಲಿತದ್ದು.

"ಕಲಿತಳು ಅಂದ್ರಲ್ಲ, ಅದ ಮಾತು ಬರೀಬೇಕು" ಅಂದರು ಕಲ್ಯಾಣಪ್ಪನವರು. "ಕಲಿಕೆ ಸಾಧ್ಯ ಇಲ್ಲ ಅಂತ ಅವರು ಬರದಾರ. ಎರಡ ವರ್ಷದಾಗ ಒಂದ ಕಠಿಣ ಪಾಠ ಕಲತ ಹುಡುಗಿ. ನಿಮ್ಮ ಹೆಸರು ಹಾಕೂದ ಬ್ಯಾಡಂದ್ರ ಬಿಡ್ತೀನಿ."

ಇವರು ಹೇಳಿದ್ದು ನೆನಪಾಯಿತು. "ಹಾಕ್ರಿ" ಅಂದೆ.

ಅರ್ಜಿ ಹೀಗೆ: ಪರೀಕ್ಷೆ ಎರಡು ಸಲ ಆಗಬೇಕು, ಒಂದು ಮಗುವಿನ ಮನೆಯಲ್ಲಿ. ತಾಯಿ ಒಳಗೆ ಇರಬೇಕು. ಮನೆಯಲ್ಲಿ ಮಗುವಿಗೆ ಏನು ಬೇಡವೆಂದು ಕಲಿಸಿದ್ದಾರೆ ಎಂದು ಮೊದಲು ಕೇಳಬೇಕು. ಮನೆಯ ಮಾತಿನಲ್ಲಿ ಕೇಳಬೇಕು. ಅಲ್ಲಿಯವರೆಗೆ, ತೆಗೆದ ಒಂಬತ್ತು ಮಕ್ಕಳ ಹೆಸರು ತಿರುಗಿ ಪಟ್ಟಿಯಲ್ಲಿ ಇರಬೇಕು. ಮೂರನೆಯದು ನಾನು ಹೇಳಿದ್ದು.

ಸುಹಾಸಿನಿ ಅಲ್ಲಿ ಅಂಬವ್ವನ ಬಳೆ ಹಿಡಿದು ಬಿಡಲೇ ಇಲ್ಲ. ಎರಡು ಬಳೆ ಒಡೆದವು. ಪಂಚಮಿಗೆ ಹೊಸ ಬಳೆ ಹಾಕಿಕೊಳ್ಳುವುದೇ ಇತ್ತು ಬಿಡ್ರಿ ಅಂದಳು.

ಜುಲೈ ೨೮, ನಾಗರಪಂಚಮಿ

ಶೇಂಗಾ ಉಂಡಿ, ಎಳ್ಳಿನ ಉಂಡಿ ಮಾಡಿದೆ. ಮಣೆಯ ಮೇಲೆ ಬೆಳ್ಳಿಯ ನಾಗಪ್ಪನನ್ನು ಇಟ್ಟು ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆದೆ. ತಾಯಿಯ ಪಾಲಿನದು, ತವರಿನ ಪಾಲಿನದು, ಇವರ ಪಾಲಿನದು. ಮಕ್ಕಳ ಪಾಲಿನದನ್ನು ಮಕ್ಕಳೇ ಎರೆಯಬೇಕು. ಇಷ್ಟು ವರ್ಷ ನಾನೇ ಎರೆದಿದ್ದೇನೆ.

ಚಾಪೆಯ ಹತ್ತಿರ ಮಣೆ ಸರಿಸಿದೆ. ಉದ್ಧರಣೆಯಲ್ಲಿ ಹಾಲು ತುಂಬಿ, ತಗೋ ಅಂದೆ. ಕೈ ತೊಡೆಯ ಕೆಳಗಿತ್ತು. ಮತ್ತೆ ತಗೋ ಅಂದೆ. ನನ್ನ ಸೀರೆ ನೋಡಿದಳು, ಮುಖ ನೋಡಿದಳು. ಮೂರನೇ ಸಲಕ್ಕೂ ಬರಲಿಲ್ಲ. ಆಗ ಕೈ ನಾನೇ ಹೊರಗೆ ತೆಗೆದೆ. ತೊಡೆಯ ಭಾರಕ್ಕೆ ಬೆರಳು ಬಿಳುಪಾಗಿದ್ದವು. ಅವನ್ನು ಸ್ವಲ್ಪ ತಿಕ್ಕಿದೆ. ಉದ್ಧರಣೆ ಇಟ್ಟೆ. ಹಿಡಿದಳು. ಹಾಲು ಅರ್ಧ ಮಣೆಯ ಮೇಲೆ, ಅರ್ಧ ನಾಗಪ್ಪನ ಮೇಲೆ. ಇನ್ನೊಂದು ಬೇಕೆಂದು ಕೈ ಚಾಚಿದಳು. ಕೊಟ್ಟೆ. ಏಳು ಸಲ ಎರೆದಳು.

ಇವರು ಬಾಗಿಲಲ್ಲಿ ನಿಂತಿದ್ದರು.

ಮಡಿಯಲ್ಲೇ ಇದ್ದೆ ಎಂದು ಆಮೇಲೆ ನೆನಪಾಯಿತು. ಮತ್ತೆ ಸ್ನಾನ ಮಾಡಿದೆ. ನೀರು ಸಾಕಾಯಿತು.

ಜುಲೈ ೨೯

ಟ್ರಸ್ಟಿನ ಉತ್ತರ ಬಂತು, ಕಲ್ಯಾಣಪ್ಪನವರು ತಂದು ಓದಿದರು. ಒಂಬತ್ತು ಮಕ್ಕಳನ್ನು ಆಗಸ್ಟಿನಲ್ಲಿ ಮನೆಗೆ ಬಂದು ಇನ್ನೊಮ್ಮೆ ನೋಡುತ್ತಾರೆ. ತಾಯಿ ಎದುರಿಗೇ ಇರಬಹುದು. ಜಾಗ ಕೊಡುವ ಬಗ್ಗೆ ಈಗ ಏನೂ ಹೇಳುವಂತಿಲ್ಲ. ಮನೆಯ ಮಾತಿನ ಬಗ್ಗೆ ಒಂದು ಅಕ್ಷರವೂ ಇಲ್ಲ.

"ಇಷ್ಟರ ಬಂತಲ್ಲ" ಅಂದರು ಇವರು.

"ಅರ್ಧಾ ಬಂದದ. ಮನೀ ಮಾತಿಂದ ಬಂದಿಲ್ಲ. ಅದನ್ನ ಮತ್ತ ಕೇಳಬೇಕು" ಅಂದೆ. ಕಲ್ಯಾಣಪ್ಪನವರು ನನ್ನನ್ನು ನೋಡಿ ಕಾಗದ ಮಡಚಿದರು.

ಸಂಜೆ ಭಾವನವರ ಫೋನು, ಪಕ್ಕದ ಮನೆಗೆ. ಶುಕ್ರವಾರದೊಳಗೆ ಸಹಿ ಮಾಡಿ ಫಾರ್ಮು ತಂದು ಮುಟ್ಟಿಸಬೇಕು. ಸೆಂಟರ್ ಹೋಗಿ ಸೀಟೂ ಹೋದರೆ ಆಮೇಲೆ ತಮ್ಮ ಬಾಗಿಲಿಗೆ ಬರಬಾರದು. ಇವರು ಬಂದು ಹೇಳಿದರು.

"ಅಣ್ಣ ಅನ್ನೂದೂ ಖರೇನ ಅದ. ನಮ್ಮ ಕಾಲಾನಂತರ ಯಾರು?"

ಗೊತ್ತಿಲ್ಲ ಅಂದೆ. ಎರಡೂ ಕಡೆ ಕಳೆದುಕೊಂಡರೆ ಅವಳು ಈ ಚಾಪೆಯ ಮೇಲೇ ಇರುತ್ತಾಳೆ, ನಾನು ಇರುವವರೆಗೆ. ಅದು ಗೊತ್ತಿದೆ.

"ತಾಯಿಯ ಸಹಿ ಅಂತ ಅದ. ನೀನ ಮಾಡಬೇಕು, ನಾ ಮಾಡ್ಲಿಕ್ಕೆ ಬರೂದಿಲ್ಲ" ಅಂದರು. ಅವರ ದನಿ ದಣಿದಿತ್ತು.

ಜುಲೈ ೩೧, ಶ್ರಾವಣ ಶುಕ್ರವಾರ

ಲಕ್ಷ್ಮಿಯ ಪೂಜೆ ಬೇಗ ಮುಗಿಸಿದೆ. ಇವತ್ತು ಕಾಚಿಗುಡಾದಲ್ಲಿ, ಪಟ್ಟಿಯಿಂದ ಹೆಸರು ಹೋದ ಕೃಷ್ಣಾಬಾಯಿಯವರ ಮಗಳನ್ನು ನೋಡಲು ಹೋಗಬೇಕು, ಬಳಗದಿಂದ ನನಗೆ ಹಚ್ಚಿದ್ದಾರೆ. ಆ ಹುಡುಗಿ ಯಾರು ಕರೆದರೂ ತಿರುಗುವುದಿಲ್ಲ ಎಂದು ಸೆಂಟರಿನವರು ಬರೆದಿದ್ದಾರೆ. ಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತಾರೆ ಎಂದು ಮೊದಲು ಕೇಳಬೇಕು. ಸುಹಾಸಿನಿಯೂ ಬರುತ್ತಾಳೆ.

ಫಾರ್ಮಿನಲ್ಲಿ ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಜೊತೆಗೆ ಒಂದು ಹಾಳೆ ಬರೆದೆ: ಸುಹಾಸಿನಿಯನ್ನು ಕಳಿಸುವುದಿಲ್ಲ. ಸೆಂಟರಿನಲ್ಲಿ ಜಾಗ ಸಿಕ್ಕರೂ ಸಿಗದಿದ್ದರೂ ಕಳಿಸುವುದಿಲ್ಲ. ಆ ಸೀಟಿಗಾಗಿ ಬೇರೆ ಯಾರೋ ತಾಯಿ ಕಾಯುತ್ತಿರಬಹುದು, ಅವರಿಗೆ ಬೇಗ ತಿಳಿಸಿ. ಕೆಳಗೆ ಸುಂದರಾಬಾಯಿ ಎಂದು ಸಹಿ. ಎರಡನ್ನೂ ಲಕೋಟೆಯಲ್ಲಿ ಹಾಕಿ ಅಂಟಿಸಿದೆ.

ಇವರು ಚಪ್ಪಲಿ ಮೆಟ್ಟುತ್ತಾ, "ಆಫೀಸಿನಿಂದ ಅಣ್ಣಗ ಫೋನ್ ಮಾಡ್ತೇನಿ. ಏನ ಹೇಳಲಿ? ನನ್ನ ಬಾಯಿಲೆ ಬರೂದಿಲ್ಲ, ಬರದ ಕೊಡು, ಓದತೇನಿ" ಅಂದರು. ಜೀಡಿಮೆಟ್ಲಾಕ್ಕೆ ಹೋಗಿ ಬರಲು ನನಗೆ ಬಿಡುವಿಲ್ಲ. ಚೀಟಿಯಲ್ಲಿ ಬರೆದುಕೊಟ್ಟಿದ್ದು ಇದು:

ಭಾವನವರಿಗೆ ಸುಂದರಾಬಾಯಿಯ ನಮಸ್ಕಾರಗಳು. ಉತ್ತರ ಬರೆದಿಟ್ಟಿದ್ದೇನೆ. ಮೂರು ಗಂಟೆಯ ಮೇಲೆ ಮನೆಯಲ್ಲಿ ಇರುತ್ತೇನೆ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಬೇಕು.